ಎಡಗಾಲಿನ ಅರ್ಧ ಇಂಚು

ಟೈಲರು ಅದನ್ನು ಬೇಕೆಂದೇ ಅಂದನೋ, ಬಾಯಿಗೆ ಬಂದದ್ದನ್ನು ಅಂದನೋ ಎಂಬುದು ಬೆಳಗಿನ ಐದೂಮುಕ್ಕಾಲಾದರೂ ಅವನಿಗೆ ಬಗೆಹರಿದಿರಲಿಲ್ಲ. ನಿನ್ನೆ ಸಂಜೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬೀದಿಯ ಮೂಲೆಯ ಅಂಗಡಿಗೆ ಹೋಗಿದ್ದಾಗ, ಅವನ ಕಾಲಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಗುಂಡುಸೂಜಿ ಚುಚ್ಚುತ್ತಿದ್ದ ಟೈಲರು ತಲೆಯೆತ್ತದೆಯೇ, "ನಿಮ್ಮ ಮನೆಯವರ ನಡಿಗೆ ಅಂದ್ರೆ ನಡಿಗೆ ಬಿಡಿ ಸಾರ್. ಬೆಳಿಗ್ಗೆ ಕಾಲುವೆ ದಂಡೇಲಿ ಅವರ ಜೊತೆ ಹೆಜ್ಜೆ ಹಾಕೋಕೆ ನಮ್ಮವಳು ಓಡಬೇಕಂತೆ," ಎಂದಿದ್ದ. ಎರಡು ವರ್ಷದಿಂದ ಎಡಗಾಲು ಎಳೆದುಕೊಂಡು ಓಡಾಡುವ ಹೆಂಗಸಿನ ಬಗ್ಗೆ, ಅದೂ ಅವಳ ಗಂಡನ ಎದುರಿಗೆ, ಯಾರಾದರೂ ಹೀಗೆ ಆಡುತ್ತಾರೆಯೇ? ಅವನು ಹ್ಞೂಂ ಎಂದಷ್ಟೇ ಅಂದು, ಸೂಜಿ ಚುಚ್ಚಿದ ಪ್ಯಾಂಟನ್ನು ಬಿಚ್ಚಿಕೊಟ್ಟು, ಕಿವಿ ಬಿಸಿಯಾಗಿ ಮನೆಗೆ ಬಂದಿದ್ದ. ಕುಂಟಿಯ ಗಂಡನೆಂದು ಆಡಿಕೊಳ್ಳುತ್ತಿದ್ದಾರೆ ಎಂದು ಮೊದಲು ಸಿಟ್ಟು ಬಂತು. ಊಟ ಮಾಡಿ ಕೈ ತೊಳೆಯುವಾಗ ಇನ್ನೊಂದು ಯೋಚನೆ ಬಂತು, ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು. ಟೈಲರು ಆಡಿಕೊಂಡಿರಲಾರ. ಕಂಡದ್ದನ್ನು ಹೇಳಿರಬಹುದು. ತಲೆಗೆ ಹುಳ ಬಿಟ್ಟು ಅವನು ಹಾಯಾಗಿ ಹೊಲಿಗೆ ಹಾಕುತ್ತ ಕೂತಿದ್ದಾನೆ.

ನಡಿಗೆಯ ವಿಷಯದಲ್ಲಿ ಅವನಿಗೆ ಪಾಠ ಹೇಳುವವರು ಆ ಊರಿನಲ್ಲಿ ಇರಲಿಲ್ಲ. ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಕೃತಕ ಕಾಲು ಮಾಡುವ ವರ್ಕ್‌ಶಾಪಿನಲ್ಲಿ ಅವನದು ಇಪ್ಪತ್ತಾರು ವರ್ಷದ ಸರ್ವಿಸು. ಕಾಲು ಕಳೆದುಕೊಂಡವರಿಗೆ ಅಳತೆ ತೆಗೆದು ಕಾಲು ಮಾಡಿ, ಅದನ್ನು ಕಟ್ಟಿ, ಎರಡು ಕಂಬಿಗಳ ನಡುವೆ ನಿಲ್ಲಿಸಿ ನಡೆಯಲು ಕಲಿಸುವವನು ಅವನೇ. ಅದಕ್ಕೇ ಅವನಿಗೆ ಕಾಲು ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದುದನ್ನು ಈಗ ಎದುರಿಗೇ ಅನ್ನುತ್ತಿದ್ದರು. ಯಾವ ಮನುಷ್ಯ ಬಾಗಿಲಿನಿಂದ ಒಳಗೆ ಬಂದರೂ ಅವನು ಮುಖ ನೋಡುವ ಮೊದಲು ಸೊಂಟ ನೋಡುತ್ತಿದ್ದ. ಮಂಡಿ ಹಿಡಿದಿದೆ, ಬೆನ್ನು ಹೋಗಿದೆ, ಹಿಮ್ಮಡಿ ಸವೆದಿದೆ ಎಂದು ಮೂರು ಹೆಜ್ಜೆಯಲ್ಲಿ ಹೇಳುತ್ತಿದ್ದ. ಅಷ್ಟೇ ಅಲ್ಲದೆ ತಿಂಗಳಿಗೊಮ್ಮೆ ಆಸ್ಪತ್ರೆಯ ಸಭಾಂಗಣದಲ್ಲಿ, ದಿನವೂ ನಡೆಯುವುದರ ಲಾಭಗಳ ಬಗ್ಗೆ ಅವನದೇ ಭಾಷಣ. ರಕ್ತ ಚೆನ್ನಾಗಿ ಓಡುತ್ತದೆ, ಸಕ್ಕರೆ ಇಳಿಯುತ್ತದೆ, ಮೂಳೆ ಗಟ್ಟಿಯಾಗುತ್ತದೆ, ನಿದ್ದೆ ಹತ್ತುತ್ತದೆ, ಎಲ್ಲಕ್ಕಿಂತ ಮೇಲಾಗಿ ಮನಸ್ಸು ಹಗುರವಾಗುತ್ತದೆ. ಯಾರಿಗೂ ಕಾಸು ಕೊಡಬೇಕಾಗಿಲ್ಲ, ಚಪ್ಪಲಿ ಮೆಟ್ಟಿ ಹೊರಟರಾಯಿತು. ಈ ಮಾತುಗಳನ್ನು ಅವನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲ. ಹೇಳಿ ಮುಗಿಸಿ ಸ್ಕೂಟರ್ ಹತ್ತಿ ಮನೆಗೆ ಬರುತ್ತಿದ್ದ. ಹಾಲು ತರುವುದಕ್ಕೂ ಅವನಿಗೆ ಸ್ಕೂಟರೇ ಬೇಕು.

ಹೊರಗಿನ ಪಡಸಾಲೆಯಲ್ಲಿ ಹೆಂಡತಿ ಬೂಟಿನ ಲಾಡಿ ಕಟ್ಟುತ್ತಿದ್ದಳು. ಅವನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡ. ಎದ್ದಳು. ಒಂದು ಹೆಜ್ಜೆ ಊರಿ ಬಿತ್ತು, ಇನ್ನೊಂದು ನೆಲವನ್ನು ಸವರಿಕೊಂಡು ಹಿಂದೆ ಬಂತು. ನೂರು ಜನರ ನಡುವೆ ಬಿಟ್ಟರೂ ಗುರುತು ಹಿಡಿಯಬಹುದಾದ ಸದ್ದು. ಈ ಪಡಸಾಲೆಯ ನೆಲದ ಮೇಲೆ ಅವನು ವರ್ಕ್‌ಶಾಪಿನಿಂದ ತಂದ ಹಳದಿ ಟೇಪಿನಿಂದ ಎರಡು ಗೆರೆ ಅಂಟಿಸಿದ್ದ, ಬಾಗಿಲಿನಿಂದ ಅಡುಗೆಮನೆಯವರೆಗೆ. ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿದ ಮಾರನೆಯ ದಿನದಿಂದ ಅವಳು ಆ ಗೆರೆಗಳ ನಡುವೆ ನಡೆಯಬೇಕು, ಅವನು ಕೊನೆಯಲ್ಲಿ ನಿಂತು ನೋಡಬೇಕು. "ಹಿಮ್ಮಡಿ. ಹಿಮ್ಮಡಿ ಅಂದೆ. ಸೊಂಟ ಎತ್ತಬೇಡ. ಮತ್ತೆ." ಅವಳು ತಿರುಗಿ ಹೋಗಿ ಮತ್ತೆ ಬರುತ್ತಿದ್ದಳು, ಕೈಯಲ್ಲಿ ಒಮ್ಮೊಮ್ಮೆ ಸೌಟು ಹಾಗೇ ಇರುತ್ತಿತ್ತು. ಒಂದು ದಿನ, "ಸಾರು ಉಕ್ಕುತ್ತೆ ರೀ," ಎಂದಿದ್ದಳು. "ಉಕ್ಕಲಿ, ಕಾಲು ಮುಖ್ಯ," ಎಂದಿದ್ದ ಅವನು. ಅದು ಪ್ರೀತಿಯೇ. ಬೇರೆ ಯಾವ ಗಂಡ ಹೆಂಡತಿಯ ಕಾಲನ್ನು ದಿನಕ್ಕೆ ಅರ್ಧ ಗಂಟೆ ನೋಡುತ್ತಾನೆ? ಆಮೇಲೆ ಒಂದು ಸಲ ಅವಳನ್ನು ಆಸ್ಪತ್ರೆಯ ಸಭಾಂಗಣಕ್ಕೆ ಕರೆದೊಯ್ದು, ಮುರಿದ ಕಾಲು ನಡಿಗೆಯಿಂದ ಹೇಗೆ ಸರಿಯಾಗುತ್ತದೆ ನೋಡಿ ಎಂದು ಎಲ್ಲರೆದುರು ಈ ತುದಿಯಿಂದ ಆ ತುದಿಯವರೆಗೆ ನಡೆಸಿದ್ದ. ಮನೆಗಿಂತ ಅಲ್ಲಿ ಹೆಚ್ಚು ಕುಂಟಿದಳು. ಹಿಂದಿನ ಸಾಲಿನಿಂದ ಯಾರೋ "ಪಾಪ" ಎಂದರು. ವಾಪಸು ಬರುವಾಗ ತನ್ನ ಮರ್ಯಾದೆ ಹೋಯಿತೆಂದು ಅವನು ಮುನಿಸಿಕೊಂಡಿದ್ದ.

ಬಾಗಿಲು ಮುಚ್ಚಿದ ಸದ್ದಾದೊಡನೆ ಎದ್ದು ಅಂಗಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ. ಕೈ ಅಭ್ಯಾಸಬಲದಿಂದ ಸ್ಕೂಟರಿನ ಕೀ ತೆಗೆದುಕೊಂಡಿತ್ತು. ಹೆಂಡತಿಯ ಹಿಂದೆ ಕಳ್ಳನ ಹಾಗೆ ಹೋಗುವ ಗಂಡ, ಅದೂ ಸ್ಕೂಟರಿನಲ್ಲಿ, ಎಂದು ನಾಚಿಕೆಯಾಗಿ ಕೀಯನ್ನು ಜೇಬಿಗೆ ಹಾಕಿ ನಡೆದೇ ಹೊರಟ. ಬೀದಿಯಲ್ಲಿ ಇನ್ನೂ ದೀಪಗಳು ಆರಿರಲಿಲ್ಲ. ಅವಳು ಐವತ್ತು ಮಾರು ಮುಂದಿದ್ದಳು, ಎಡಗಾಲು ಎಳೆಯುತ್ತಲೇ ಇದ್ದಳು. ಅವನಿಗೆ ಸಮಾಧಾನವಾಯಿತು. ಆ ಸಮಾಧಾನ ಎಂಥದು ಎಂದು ಆಮೇಲೆ ಹೊಳೆದಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು; ಆದರೆ ಆ ಹೊತ್ತಿನಲ್ಲಿ ಆದದ್ದು ಸಮಾಧಾನವೇ. ಟೈಲರು ಸುಳ್ಳ, ತಾನು ಸರಿ. ಸೈಕಲ್ ರಿಪೇರಿ ಅಂಗಡಿಯ ತಿರುವಿನಲ್ಲಿ ಒಂದು ಸಿಮೆಂಟಿನ ಕಟ್ಟೆಯಿದೆ. ಅವಳು ಅಲ್ಲಿ ಕೂತಳು. ದಣಿದಿರಬೇಕು, ಪಾಪ, ಎಂದುಕೊಂಡು ಅವನು ಒಂದು ಗೇಟಿನ ಮರೆಯಲ್ಲಿ ನಿಂತ. ಅವಳು ಎಡಗಾಲಿನ ಬೂಟಿನ ಲಾಡಿ ಬಿಚ್ಚಿದಳು. ಒಳಗೆ ಕೈ ಹಾಕಿ, ಎಡಗಾಲು ಗಿಡ್ಡವಾಗಿದೆಯೆಂದು ಅವನೇ ಕಾರ್ಕಿನಲ್ಲಿ ಕೆತ್ತಿ ಚರ್ಮ ಹೊದಿಸಿ ಮಾಡಿಕೊಟ್ಟಿದ್ದ ಅರ್ಧ ಇಂಚಿನ ಹಿಮ್ಮಡಿಪಟ್ಟಿಯನ್ನು ತೆಗೆದಳು. ಅದನ್ನು ಕೈಚೀಲಕ್ಕೆ ಹಾಕಿ, ಲಾಡಿ ಕಟ್ಟಿ, ಎದ್ದು ನಿಂತು ಒಮ್ಮೆ ಮೈ ಮುರಿದಳು. ಆಮೇಲೆ ನಡೆದಳು.

ಅದನ್ನು ಅವನು ನೋಡಿದ. ಎರಡು ಕಾಲೂ ಸಮ, ಎರಡು ಕೈಯೂ ಸಮ, ಸೊಂಟ ತಕ್ಕಡಿ ಹಿಡಿದ ಹಾಗೆ. ವರ್ಕ್‌ಶಾಪಿನ ಗೋಡೆಯ ಮೇಲಿನ ಚಿತ್ರದಲ್ಲಿ ಮಾತ್ರ ಅಂಥ ನಡಿಗೆ ಇರುತ್ತದೆ. ಆ ಹೆಂಗಸು ಬೇರೆ ಯಾರೋ, ತನ್ನ ಹೆಂಡತಿ ಇನ್ನೂ ಕಟ್ಟೆಯ ಮೇಲೆ ಕೂತಿದ್ದಾಳೆ ಎನ್ನಿಸಿ ಕಟ್ಟೆಯತ್ತ ನೋಡಿದ. ಖಾಲಿಯಿತ್ತು.

ಅಳತೆ ತಪ್ಪಿರಬಹುದೇ? ಅಳತೆ ತಪ್ಪಿದ್ದು ಅವನಿಗೆ ಗೊತ್ತೇ ಇತ್ತು ಎಂದು ಈಗ ಅನ್ನಿಸಿತು, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ. ಮೂಳೆ ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, "ಚೆನ್ನಾಗಿ ಕೂಡಿದೆ, ಉದ್ದದಲ್ಲಿ ಏನೂ ವ್ಯತ್ಯಾಸ ಇಲ್ಲ, ಸುಮ್ಮನೆ ಓಡಾಡಿಕೊಂಡಿರಲಿ," ಎಂದಿದ್ದರು. ಅವನಿಗೆ ನಂಬಿಕೆಯಾಗಿರಲಿಲ್ಲ. ಫೋಟೋ ನೋಡುವವನಿಗೆ ನಡಿಗೆ ಏನು ಗೊತ್ತು? ವರ್ಕ್‌ಶಾಪಿನಿಂದ ತೆಳ್ಳನೆಯ ಹಲಗೆಗಳನ್ನು ಮನೆಗೆ ತಂದು, ಅವಳನ್ನು ಬರಿಗಾಲಲ್ಲಿ ನಿಲ್ಲಿಸಿ, ಎಡಪಾದದ ಕೆಳಗೆ ಒಂದೊಂದೇ ಹಲಗೆ ತೂರಿಸುತ್ತ, ಸೊಂಟದ ಎರಡು ಮೂಳೆಗಳ ಮೇಲೂ ಹೆಬ್ಬೆರಳಿಟ್ಟು ಮಟ್ಟ ನೋಡಿದ್ದ. ನಾಲ್ಕನೇ ಹಲಗೆಗೆ ಸಮ ಬಂತು. ಅರ್ಧ ಇಂಚು. ಅವಳು ಆಗ ಗೋಡೆಯ ಗಡಿಯಾರವನ್ನೇ ನೋಡುತ್ತ ಉಸಿರು ಬಿಗಿಹಿಡಿದು ನಿಂತಿದ್ದಳು, ಅವನ ಹೆಬ್ಬೆರಳು ತಾಗಿದೊಡನೆ ಎಡಗಡೆಯ ಸೊಂಟ ತಾನಾಗಿ ಸೆಟೆದುಕೊಂಡಿತ್ತು. ಸೆಟೆದುಕೊಂಡ ಹೆಂಗಸನ್ನು ಅಳೆದರೆ ಸಿಗುವುದು ಅವಳ ಕಾಲಲ್ಲ, ಅವಳ ಭಯ. ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿಕೊಡುವ ಪಾಠ ಇದು: ರೋಗಿ ನಿರಾಳವಾಗುವವರೆಗೆ ಅಳತೆ ಹಿಡಿಯಬಾರದು. ಬೇರೆ ಯಾರಿಗಾದರೂ ಅವನು ಮಾತಾಡಿಸಿ, ನೀರು ಕೊಟ್ಟು, ಕೂರಿಸಿ, ಮತ್ತೆ ನಿಲ್ಲಿಸಿ ಅಳೆಯುತ್ತಿದ್ದ. ಹೆಂಡತಿಯಲ್ಲವೇ, ಅವಳಿಗೇನು ನೀರು. ಹೋದ ತಿಂಗಳು ಒಂದು ಕಾಲಿಲ್ಲದ ಲಾರಿ ಡ್ರೈವರು ಕಂಬಿಗಳ ನಡುವೆ ಹತ್ತನೇ ಸಲ ಮುಗ್ಗರಿಸಿ, ಬೆವರು ಒರೆಸಿಕೊಳ್ಳುತ್ತ, "ಮೇಷ್ಟ್ರೇ, ಒಂಚೂರು ಆ ಕಡೆ ಹೋಗಿ ಬೀಡಿ ಸೇದ್ಕೊಂಡು ಬನ್ನಿ. ನೀವು ನೋಡ್ತಾ ನಿಂತ್ರೆ ಇರೋ ಕಾಲೂ ಮರ್ತುಹೋಗುತ್ತೆ," ಎಂದಿದ್ದ. ಎಲ್ಲರೂ ನಕ್ಕಿದ್ದರು. ತಾನು ಬೀಡಿ ಸೇದುವುದಿಲ್ಲ ಎಂದು ಅವನು ಗಂಭೀರವಾಗಿ ಹೇಳಿದ್ದ, ಅದಕ್ಕೆ ಅವರು ಇನ್ನೂ ನಕ್ಕಿದ್ದರು.

ಕಾಲುವೆಯ ದಂಡೆಗೆ ಬರುವಷ್ಟರಲ್ಲಿ ಅವಳು ಮೂವರು ಹೆಂಗಸರನ್ನು ಸೇರಿಕೊಂಡಿದ್ದಳು. ಅವರಲ್ಲಿ ಒಬ್ಬಳು ಟೈಲರ ಹೆಂಡತಿ, ನಿಜವಾಗಿಯೂ ಅರ್ಧ ಓಡುತ್ತಿದ್ದಳು. ಅವರು ನಗುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಇದು ತನ್ನ ಬಗ್ಗೆಯೇ ಎಂದು ಅವನಿಗೆ ಖಾತ್ರಿಯಾಯಿತು. ಹಳದಿ ಗೆರೆ, ಹಿಮ್ಮಡಿ, ಆಸ್ಪತ್ರೆಯ ಸಭಾಂಗಣ ಎಲ್ಲವನ್ನೂ ಹೇಳಿಕೊಂಡು ನಗಿಸುತ್ತಿದ್ದಾಳೆ. ಕೇಳಿಯೇಬಿಡಬೇಕೆಂದು ಹೆಜ್ಜೆ ಬಿರುಸು ಮಾಡಿದ. ಕಂಬಿಬೇಲಿಯ ಪಕ್ಕದ ಮರಗಳ ಮರೆಯಲ್ಲಿ ಹತ್ತಿರ ಹತ್ತಿರ ಹೋದ. ಅವಳದೇ ದನಿ ಕೇಳಿಸಿತು: "ಮೋರಿ ಒಳಗೆ ಸಿಕ್ಕಾಕ್ಕೊಂಡಿದೆ ಕಣ್ರೀ. ಕೈ ಹಾಕಿದ್ರೆ ಪರಚುತ್ತೆ, ತೆಗೆದ್ರೆ ಕೂಗುತ್ತೆ. ಹಾಕಿದೆ, ತೆಗೆದೆ, ಹಾಕಿದೆ, ತೆಗೆದೆ. ಕೊನೆಗೆ ನಾನೂ ಅದರ ಪಕ್ಕ ಕೂತ್ಕೊಂಡು ಮಿಯಾಂವ್ ಅಂತ ಕೂಗಿದೆ. ಅಷ್ಟು ಹೊತ್ತು ಒಳಗಿದ್ದಿದ್ದು, ಇದ್ಯಾರಪ್ಪ ಹೊಸಬಳು ಅಂತ ನೋಡೋಕೆ ತಾನೇ ಆಚೆ ಬಂತು!" ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಕ್ಕು. ಅವಳು ಯಾವಾಗ ಬೆಕ್ಕು ಹಿಡಿಯಲು ಹೋಗಿದ್ದಳು? ಮನೆಯಲ್ಲಿ ಅವಳು ಇಷ್ಟುದ್ದ ಮಾತಾಡಿದ್ದನ್ನು ಅವನು ಯಾವ ಕಾಲದಲ್ಲಿ ಕೇಳಿದ್ದ? ತನ್ನನ್ನು ಹಾಸ್ಯ ಮಾಡಿದ್ದರೂ ಆಗುತ್ತಿತ್ತು. ಈ ದಂಡೆಯ ಮೇಲೆ, ಈ ಬೆಳಗಿನಲ್ಲಿ, ಅವಳ ಬಾಯಲ್ಲಿ ಅವನು ಇರಲೇ ಇಲ್ಲ.

ಅವರು ಮುಂದೆ ಹೋದರು. ಅವನು ಇನ್ನೂ ನೂರು ಹೆಜ್ಜೆ ಹೇಗೋ ಹಾಕಿದ. ಪಕ್ಕೆಯಲ್ಲಿ ಚುಳುಕೆಂದಿತು, ಎದೆ ತಿದಿಯಾಯಿತು, ಮೀನಖಂಡ ಕಲ್ಲಾಯಿತು. ಕಂಬಿಬೇಲಿ ಹಿಡಿದು ನಿಂತು ಬಾಯಿಂದ ಉಸಿರೆಳೆದುಕೊಂಡ. ಹಾಲು ಹಾಕಿ ವಾಪಸು ಹೋಗುತ್ತಿದ್ದ ಮುದುಕನೊಬ್ಬ ಸೈಕಲ್ ನಿಧಾನ ಮಾಡಿ, "ಹೊಸದಾಗಿ ಶುರು ಮಾಡಿದ್ರಾ? ದಿನಾ ಒಂದಿಷ್ಟು ನಡೀರಿ, ಆಮೇಲೆ ತಾನೇ ಒಗ್ಗುತ್ತೆ," ಎಂದು ಬುದ್ಧಿ ಹೇಳಿ ಹೋದ. ಇದನ್ನೂ ಕೇಳಿಸಿಕೊಳ್ಳಬೇಕಾಯಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೇಕಾಯಿ. ನಡೆದರೆ ಮನಸ್ಸು ಹಗುರವಾಗುತ್ತದೆ ಎಂದು ಸಾವಿರ ಜನಕ್ಕೆ ಹೇಳಿದ್ದನಲ್ಲ, ಅದು ನಿಜವೆಂದು ಅವನಿಗೆ ಇಂದೇ ಗೊತ್ತಾದದ್ದು. ನಿಜವಾಗಿತ್ತು, ಅವಳ ವಿಷಯದಲ್ಲಿ. ಯಾರಿಂದ ದೂರ ನಡೆದರೆ ಹಗುರವಾಗುತ್ತದೆ ಎಂಬುದನ್ನು ಮಾತ್ರ ಅವನು ಭಾಷಣದಲ್ಲಿ ಹೇಳುತ್ತಿರಲಿಲ್ಲ.

ಕಾಲುವೆಯ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಅವಳು ಬಿದ್ದು ಕಾಲು ಮುರಿದುಕೊಂಡದ್ದು ಹೇಗೆ ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಮೆಟ್ಟಿಲಲ್ಲಿ ಜಾರಿದಳು ಎಂದು ಅವಳೇ ಎಲ್ಲರಿಗೂ ಹೇಳಿದ್ದಳು, ಡಾಕ್ಟರಿಗೂ, ತನ್ನ ತಂಗಿಗೂ. ಕೆಳಗೆ ಸ್ಕೂಟರ್ ಚಾಲೂ ಮಾಡಿಟ್ಟುಕೊಂಡು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದವನು ಅವನು. ಯಾವುದೋ ಮದುವೆಗೆ ಹೋಗಬೇಕಿತ್ತು, ಅಂಥ ಅವಸರವೇನೂ ಇರಲಿಲ್ಲ, ಹತ್ತು ನಿಮಿಷ ತಡವಾದರೆ ಮದುವೆ ನಿಲ್ಲುತ್ತಿರಲಿಲ್ಲ. "ಎಷ್ಟೊತ್ತೇ? ಬೇಗ ಬಾರೆ! ಕಾಲು ಬಿದ್ದುಹೋಗಿದೆಯಾ?" ಎಂದು ಮೇಲಿನ ಮನೆಗೆಲ್ಲ ಕೇಳುವ ಹಾಗೆ ಕೂಗಿದ್ದ. ಬಂದೆ ಎನ್ನುವ ದನಿ, ಅದರ ಹಿಂದೆಯೇ ದಡದಡ ಸದ್ದು. ಅವನು ಮೇಲೆ ಹತ್ತಿದಾಗ ಅವಳು ಮೆಟ್ಟಿಲ ಮೇಲೆ ಕೂತು, ಒಂದು ಕಡೆಗೆ ತಿರುಚಿಕೊಂಡ ತನ್ನ ಪಾದವನ್ನು ಬೇರೆಯವರದೆಂಬ ಹಾಗೆ ನೋಡುತ್ತಿದ್ದಳು. ಅತ್ತಿರಲಿಲ್ಲ. "ತಡ ಆಯ್ತು," ಎಂದಿದ್ದಳು. ಆ ಪಾಪವನ್ನು ತೊಳೆದುಕೊಳ್ಳಲೆಂದೇ ಅವನು ಆ ಕಾಲನ್ನು ಹಿಡಿದುಕೊಂಡದ್ದು. ಸರಿಮಾಡಿ ಕೊಟ್ಟರೆ ಋಣ ಹರಿಯುತ್ತದೆ ಎಂದು. ಸರಿಯಾಗಿಬಿಟ್ಟರೆ ತನಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ ಎಂಬ ಭಯವೂ ಅದರ ಜೊತೆಗೆ ಬೆಳೆಯಿತೋ ಏನೋ. ತಾನು ಕೆಟ್ಟವನಲ್ಲ ಎಂದು ಬೇಲಿಯ ಕಂಬಿಗೆ ಹಣೆ ತಾಗಿಸಿ ಹೇಳಿಕೊಂಡ. ಕಂಬಿ ತಣ್ಣಗಿತ್ತು.

ಹೆಂಗಸರು ಕಾಲುವೆಯ ತೂಬಿನ ಹತ್ತಿರ ತಿರುಗಿ ಇತ್ತಲೇ ಬರುತ್ತಿದ್ದರು. ಓಡಿಹೋಗಲು ಹೊತ್ತಿತ್ತು. ಟ್ರಾನ್ಸ್‌ಫಾರ್ಮರಿನ ಹಿಂದೆ ನಿಲ್ಲಬಹುದಿತ್ತು. ಬೇಡವೆಂದುಕೊಂಡ. ಎದುರಿಗೇ ನಿಂತು, ನಗುತ್ತ, "ಎಷ್ಟು ಚೆನ್ನಾಗಿ ನಡೀತೀಯಲ್ಲೇ," ಎಂದುಬಿಡಬೇಕು. ಅಳತೆ ತಪ್ಪಾಗಿತ್ತು ಎಂದು ಅವಳೆದುರು ಒಪ್ಪಿಕೊಳ್ಳಬೇಕು. ಆ ಟೇಪನ್ನು ಈ ದಿನವೇ ಕಿತ್ತು ಹಾಕಬೇಕು. ಇಷ್ಟು ದೊಡ್ಡ ಮನಸ್ಸು ತನಗಿದೆಯೇ ಎಂದು ಅವನಿಗೇ ಅಚ್ಚರಿಯಾಯಿತು. ಅಂಗಿಯ ತುದಿಯಿಂದ ಮುಖ ಒರೆಸಿಕೊಂಡು, ನಗುವನ್ನು ಸಿದ್ಧ ಮಾಡಿಕೊಂಡು ದಾರಿಯ ಮಧ್ಯಕ್ಕೆ ಬಂದು ನಿಂತ.

ಮೂವತ್ತು ಹೆಜ್ಜೆ ದೂರದಲ್ಲಿ ಅವಳು ಅವನನ್ನು ಕಂಡಳು. ಮೊದಲು ಅವಳ ಎಡಗಡೆಯ ಭುಜ ಮೇಲೆದ್ದಿತು. ಆಮೇಲೆ ಬೀಸುತ್ತಿದ್ದ ಕೈ ಮೈಗೆ ಅಂಟಿಕೊಂಡಿತು, ಸೊಂಟ ಸೆಟೆಯಿತು, ಮಂಡಿ ಬಿಗಿಯಿತು, ಕೊನೆಗೆ ಪಾದ ಹೊರಕ್ಕೆ ತಿರುಗಿ ನೆಲವನ್ನು ಸವರತೊಡಗಿತು. ಕುಂಟಿದ ಹಾಗೆ ನಟಿಸಿ ಪರಿಹಾರ ಕೇಳಲು ಬರುವ ಎಷ್ಟೋ ಜನರನ್ನು ಅವನು ಹಿಡಿದುಕೊಟ್ಟಿದ್ದ. ನಟಿಸುವವನು ಪಾದದಿಂದ ಶುರು ಮಾಡುತ್ತಾನೆ. ಇದು ಪಾದದಿಂದ ಶುರುವಾಗಿರಲಿಲ್ಲ. ಇಪ್ಪತ್ತಾರು ವರ್ಷದ ಕಣ್ಣು ಅವನಿಗೆ ಅದನ್ನು ಸ್ಪಷ್ಟವಾಗಿ ಹೇಳಿತು, ಬೇಡವೆಂದರೂ ಹೇಳಿತು.

"ಅಯ್ಯೋ, ಏನಾಯ್ತ್ರೀ ಕಾಲಿಗೆ? ಉಳುಕ್ತಾ?" ಎಂದು ಟೈಲರ ಹೆಂಡತಿ ಗಾಬರಿಯಿಂದ ಅವಳ ರಟ್ಟೆ ಹಿಡಿದುಕೊಂಡಳು. ಅವಳು ಕುಂಟುವುದನ್ನು ಆ ಹೆಂಗಸರು ಇದುವರೆಗೆ ನೋಡಿಯೇ ಇರಲಿಲ್ಲ.

"ಏನಿಲ್ಲ," ಎಂದಳು ಅವಳು. "ಇವರು ನಮ್ಮ ಯಜಮಾನ್ರು."

ಹೆಂಗಸರು ನಮಸ್ಕಾರ ಮಾಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮುಂದೆ ಹೋದರು. ಇಬ್ಬರೂ ಮನೆಯ ಕಡೆ ಹೊರಟರು. ಅವಳು ಎಳೆಯುತ್ತ, ಅವನು ಏದುತ್ತ. ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ಯಾವಾಗಿಂದ ತೆಗೀತಿದ್ದೀಯ ಅದನ್ನ, ಬೂಟಿಂದ?"

"ಕೊಟ್ಟ ದಿನದಿಂದ."

"ಸರಿಯಾಗಿಲ್ಲ ಅಂತ ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ಇನ್ನೊಂದು ಮಾಡ್ಕೊಡ್ತಿದ್ರಿ."

ನಿಜ, ಮಾಡಿಕೊಡುತ್ತಿದ್ದ. "ಈಗ ಅದು ಒಳಗಿಲ್ವಲ್ಲ," ಎಂದ, ದನಿ ಬೇಡಿಕೊಳ್ಳುವ ಹಾಗಾಗಿತ್ತು. "ಈಗ್ಯಾಕೆ ಕುಂಟ್ತೀಯ?"

"ನಾನೇನು ಬೇಕಂತ ಮಾಡ್ತೀನಾ?" ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ತಿರುಗಿಸಿದರೂ ನಿಲ್ಲದ ನಲ್ಲಿಯ ಬಗ್ಗೆ ಹೇಳಿದ ಹಾಗಿತ್ತು. "ನೀವು ಹತ್ರ ಬಂದ್ರೆ ಕಾಲು ಹಂಗಾಗುತ್ತೆ. ನಾನೂ ಎಷ್ಟೋ ಸಲ ನೋಡ್ದೆ, ಮನೇಲಿ ಸರಿಯಾಗಿ ನಡೆಯೋಣ ಅಂತ. ಆಗಲ್ಲ ರೀ. ನೀವು ಆಸ್ಪತ್ರೆಯಿಂದ ಬಂದು ಕೆಳಗೆ ಸ್ಕೂಟರ್ ನಿಲ್ಲಿಸಿದ್ರೆ ಸಾಕು, ಅಡುಗೆಮನೇಲೇ ಶುರುವಾಗುತ್ತೆ."

ಅವನು ನಿಂತ. ಅವಳೂ ನಿಂತಳು. ಏನು ಮಾಡಿದರೆ ಇದು ಸರಿಹೋದೀತು ಎಂದು ಅವನ ತಲೆ ಹಳೆಯ ಚಾಳಿಯಂತೆ ಹುಡುಕತೊಡಗಿತು. ಹುಡುಕುವುದೇ ರೋಗ ಎಂದೂ ಗೊತ್ತಾಯಿತು. "ನೀನು ಮುಂದೆ ಹೋಗು," ಎಂದ. "ನಾನು ಆಮೇಲೆ ಬರ್ತೀನಿ. ನೋಡಲ್ಲ ನಾನು."

"ನಿಮ್ಮ ಕೈಲಿ ಆಗಲ್ಲ."

"ಆಗುತ್ತೆ, ಹೋಗು."

ಅವನು ದಾರಿಗೆ ಬೆನ್ನು ಮಾಡಿ ನೀರಿನ ಕಡೆ ಮುಖ ತಿರುಗಿಸಿ ನಿಂತುಕೊಂಡ. ಹಿಂದೆ ಅವಳು ಹೊರಟ ಸದ್ದು ಕೇಳಿಸಿತು, ಒಂದು ಊರಿದ್ದು, ಒಂದು ಎಳೆದದ್ದು, ಒಂದು ಊರಿದ್ದು, ಒಂದು ಎಳೆದದ್ದು. ನೀರಿನಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ತೇಲಿಹೋಗುತ್ತಿತ್ತು, ಅದನ್ನೇ ದಿಟ್ಟಿಸಿದ. ಹದಿನೈದು ಹೆಜ್ಜೆ, ಇಪ್ಪತ್ತು. ಎಳೆಯುವ ಸದ್ದು ತೆಳುವಾಯಿತು. ಇಪ್ಪತ್ತೈದಕ್ಕೆ ಒಂದು ತೊಡರಿತು, ಮೂವತ್ತಕ್ಕೆ ಎರಡೂ ಹೆಜ್ಜೆ ಒಂದೇ ತೂಕದಲ್ಲಿ ಬಿದ್ದವು, ಮೂವತ್ತೊಂದು, ಮೂವತ್ತೆರಡು. ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಎರಡು ವರ್ಷದಲ್ಲಿ ಆ ಕಾಲಿಗೆ ಅವನು ಮಾಡಿದ ಒಂದೇ ಒಂದು ಉಪಕಾರ ಇದು, ಬೆನ್ನು ತಿರುಗಿಸಿ ನಿಂತದ್ದು. ಹೀಗೇ ನಿಂತಿರಬೇಕು, ಅವಳು ತಿರುವು ದಾಟುವವರೆಗೆ. ಅಷ್ಟೇ. ಇಷ್ಟನ್ನೂ ಮಾಡಲಾರನೇ? ಆದರೆ ಸದ್ದು ಸಮವಾಗಿದ್ದರೆ ಸಾಲದು, ಸೊಂಟವೂ ಸಮವಾಗಿರಬೇಕು. ಮೊದಲು ಕಂಡದ್ದು ಮಬ್ಬು ಬೆಳಕಿನಲ್ಲಿ, ಈಗ ಚೆನ್ನಾಗಿ ಬೆಳಕಾಗಿದೆ. ಅವಳ ಬೆನ್ನು ಈ ಕಡೆಗಿದೆ, ತಾನು ನೋಡಿದ್ದು ಅವಳಿಗೆ ತಿಳಿಯುವುದು ಹೇಗೆ? ಒಂದೇ ಒಂದು ಸಲ, ಖಾತ್ರಿ ಮಾಡಿಕೊಳ್ಳಲು ಮಾತ್ರ, ಎಂದು ಮೆಲ್ಲನೆ ಕತ್ತು ತಿರುಗಿಸಿದ.

ಅವಳು ನಿಂತುಬಿಟ್ಟಿದ್ದಳು. ಬೆನ್ನು ಅವನ ಕಡೆಗೇ ಇತ್ತು. ಒಂದು ಕೈಯಲ್ಲಿ ಬೇಲಿಯ ಕಂಬಿ ಹಿಡಿದು, ಎಡಗಾಲನ್ನು ನೆಲದಿಂದ ಚೂರು ಮೇಲೆತ್ತಿಕೊಂಡು, ಅವನು ನೋಡಿ ಮುಗಿಸಲೆಂದು ಕಾಯುತ್ತಿದ್ದಳು.